ಮದುವೆಯ ಪಟಕ್ಕೆ ಸೈಕಲ್ ಬೇಕಂತೆ!

ಕೇಳಿ ಗೆಳೆಯರೇ, ಮಗಳ ಮದುವೆಯ ಪಟಕ್ಕೆ ಮಾತಾಡಲು ಇವತ್ತು ಬೀಗರನ್ನೂ ಕರೆದುಕೊಂಡು ಹಲಸೂರಿನ ಸ್ಟುಡಿಯೋಗೆ ಹೋಗಿದ್ದೆ. ದಂಡು ಪ್ರದೇಶದ ದೊಡ್ಡ ರಸ್ತೆಗಳ ಸ್ಟುಡಿಯೋಗಳ ದರ ನನ್ನ ಕೈಗೆಟುಕದು.

"ಯುದ್ಧ ನೋಡಿ ಸ್ವಾಮಿ, ಕ್ಯಾಮೆರಾಕ್ಕೆ ಹಾಕೋ ಗಾಜಿನ ಪ್ಲೇಟೇ ಸಿಗ್ತಿಲ್ಲ. ಒಂದೇ ಪಟ ತೆಗೆಯೋಕಾಗೋದು" ಎಂದ ಫೋಟೋದವನು.

ಬೀಗರು ತಕ್ಷಣ, "ಹಾಗಾದ್ರೆ ವರದಕ್ಷಿಣೆಗೆ ನೀವು ಕೊಡೋ ಸೈಕಲ್ ಹಿಡ್ಕೊಂಡು ನಮ್ಮ ಹುಡುಗ ನಿಂತ್ಕೊಳ್ಳಲಿ" ಎಂದರು.

"ನನ್ನ ಮಗಳು?"

"ಅವಳು ಮನೇಲೇ ಇರ್ತಾಳಲ್ರೀ, ದಿನಾ ನೋಡಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. "ಸೈಕಲ್ ಏನು ಮನೆ ಬಿಟ್ಟು ಓಡಿಹೋಗುತ್ತಾ ಬೀಗರೇ?" ಎಂದೆ.

ಮುಂಗಡ ಕೊಟ್ಟು ಬಂದಿದ್ದೇನೆ. ಪಟದ ನಡುವೆ ಕೂರುವವಳು ನನ್ನ ಮಗಳು. ಅಳಿಯ ಪಕ್ಕದಲ್ಲಿ ಕೂತರೆ ಸಂತೋಷ. ಸೈಕಲ್ ಬಿಟ್ಟಿರಲಾರದಿದ್ದರೆ ಹೊರಗೆ ಅದನ್ನೇ ಕಾಯುತ್ತ ನಿಲ್ಲಲಿ.