ಮೊಳೆ ಮಾವನ ಅನುಭವ ಪತ್ರ

ನಮ್ಮ ಮಾವನಿಗೆ ಮೊಳೆ ಮಾವ ಎಂದು ಹೆಸರಿಟ್ಟವಳು ನಾನೇ. ಸೋಫಾಕ್ಕೆ ಬಟ್ಟೆ ಬಿಗಿಯುವಾಗ ಅವರು ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಡಗೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು, ಹೀಗಿರುವಾಗ ಮೊಳೆ ಕೊಡುವವರು ಯಾರು? ನಾಲಿಗೆಯೇ ಒಂದೊಂದನ್ನು ತಿರುಗಿಸಿ ತುಟಿಗೆ ತರುತ್ತಿತ್ತು, ಅಯಸ್ಕಾಂತದ ಸುತ್ತಿಗೆ ಅದನ್ನು ತುಟಿಯಿಂದಲೇ ಎತ್ತಿಕೊಳ್ಳುತ್ತಿತ್ತು.

ಈ ಮೊಳೆಗಳಿಂದ ಇನ್ನೊಂದು ಅನುಕೂಲವೂ ಇತ್ತು. ಕಷ್ಟದ ಮಾತು ಬಂದಾಗಲೆಲ್ಲ ಮಾವನ ಬಾಯಿ ತುಂಬಿರುತ್ತಿತ್ತು. ಗಿರಾಕಿ ಚೌಕಾಸಿಗೆ ಇಳಿದರೆ ಎರಡು ಮೊಳೆ ಒಳಗೆ. ಅತ್ತೆ ಜಗಳಕ್ಕೆ ನಿಂತರೆ ಒಂದು ಹಿಡಿ. "ಮೊದ್ಲು ಅದನ್ನ ಉಗುಳಿ, ಆಮೇಲೆ ಮಾತಾಡಿ!" ಎಂದು ಅತ್ತೆ ರೇಗುತ್ತಿದ್ದಳು. ಅವರು ಉಗುಳುವಷ್ಟರಲ್ಲಿ ಅವಳ ಸಿಟ್ಟು ಇಳಿದಿರುತ್ತಿತ್ತು.

ಸೋಫಾ, ಕುರ್ಚಿ ರಿಪೇರಿಯ ಆ ಅಂಗಡಿ ನಮ್ಮಪ್ಪನದು. ಮಾವ ಅಪ್ಪನ ತಂಗಿಯ ಗಂಡ. ಮದುವೆಯಾದ ಹೊಸದರಲ್ಲಿ ಮಾವ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿಹೋದಾಗ, "ಬೇರೆ ಕೆಲಸ ಸಿಗೋವರೆಗೆ ನಮ್ಮಲ್ಲೇ ಇರಿ ಭಾವ" ಎಂದು ಅಪ್ಪ ಕರೆತಂದ. ಬೇರೆ ಕೆಲಸ ಸಿಗಲಿಲ್ಲವೋ, ಹುಡುಕಲು ಬಿಡಲಿಲ್ಲವೋ, ಇಪ್ಪತ್ತು ವರ್ಷ ಹಾಗೇ ಕಳೆಯಿತು. ಅಪ್ಪ ಸುತ್ತಿಗೆ ಕೆಳಗಿಟ್ಟು ಗಲ್ಲಾ ಹಿಡಿದ, ಮಾವ ಆ ಸುತ್ತಿಗೆ ಎತ್ತಿಕೊಂಡರು. ಗಂಡ ಹೆಂಡತಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಉಳಿದರು. ಅಲ್ಲಿಗೆ ಮೆಟ್ಟಿಲು ಹತ್ತಬೇಕಾದರೆ ಅಂಗಡಿಯ ಹಿಂದಿನ ನಮ್ಮ ಮನೆಯ ಹಜಾರ ದಾಟಬೇಕು. ಅತ್ತೆ ಸೊಪ್ಪು ತಂದಳೋ ಸೀರೆ ತಂದಳೋ ಎಂಬುದು ನಮಗೆಲ್ಲ ಗೊತ್ತಾಗುತ್ತಿತ್ತು. "ನನ್ನದೇ ಒಂದು ಬಾಗಿಲು, ಅದಕ್ಕೆ ನನ್ನದೇ ಒಂದು ಬೀಗ. ಅಷ್ಟಾದ್ರೆ ಸಾಕಮ್ಮ ನಂಗೆ" ಎನ್ನುತ್ತಿದ್ದಳು.

ಅಪ್ಪ ಒಳ್ಳೆಯವನು. ತೊಂದರೆಯೆಲ್ಲ ಅಲ್ಲೇ. ತಂಗಿಯ ಗಂಡನ ಕೈಗೆ ಸಂಬಳ ಕೊಡುವುದೆಂದರೆ ಅವನಿಗೆ ಎಲ್ಲಿಲ್ಲದ ಸಂಕೋಚ. ಶನಿವಾರ ಸಂಜೆ ಲಕೋಟೆಯೊಂದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು, "ಇಲ್ಲೇ ಹೋಗಿ ಬಂದೆ" ಎಂದು ಹೊರಗೆ ಹೊರಟುಬಿಡುತ್ತಿದ್ದ. ಮಾವ ಆಚೆ ಈಚೆ ನೋಡಿ ಡ್ರಾಯರು ಎಳೆಯುತ್ತಿದ್ದರು. ಗಿರಾಕಿಗಳೆದುರು ಅಪ್ಪ, "ಇವರು ನಮ್ಮ ಭಾವ, ಅಂಗಡಿ ಇವರದ್ದೇ" ಎನ್ನುತ್ತಿದ್ದ. ಬೀಗದ ಕೈ ಮಾತ್ರ ಅಪ್ಪನ ಜೇಬಿನಲ್ಲೇ ಇರುತ್ತಿತ್ತು.

ನಮ್ಮ ಬೀದಿಯ ಬಡಗಿಯೊಬ್ಬ ಹೊರದೇಶಕ್ಕೆ ಹೋಗಿ, ಹಳೆಯ ನಾಟಕಶಾಲೆಗಳ ಕುರ್ಚಿ ರಿಪೇರಿ ಮಾಡುವ ವರ್ಕ್‌ಶಾಪೊಂದನ್ನು ಸೇರಿದ್ದ. ಸೀಟಿನೊಳಗಿನ ಸ್ಪ್ರಿಂಗನ್ನು ಕೈಯಲ್ಲೇ ಕಟ್ಟುವವರು ಅಲ್ಲಿ ಯಾರೂ ಸಿಗದೆ ಮಾಲೀಕ ತಲೆ ಕೆಡಿಸಿಕೊಂಡು ಕೂತಿದ್ದಾಗ, ಬಡಗಿ ಮಾವನ ಸುದ್ದಿ ಹೇಳಿದ. ಮಾಲೀಕ ವಿಡಿಯೊ ಕಾಲ್ ಮಾಡಿ, ಒಂದು ಕುರ್ಚಿಯನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿ ನೋಡಿದ. ಮಾವ ಒಂದು ಮಾತೂ ಆಡಲಿಲ್ಲ. ಅವರಿಗೆ ಆ ಭಾಷೆ ಬರುವುದಿಲ್ಲ ಎಂಬುದೇ ಮೊಳೆಗಳ ದೆಸೆಯಿಂದ ಮಾಲೀಕನಿಗೆ ಗೊತ್ತಾಗಲಿಲ್ಲ ಎಂದು ಅತ್ತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಸ್ವಲ್ಪ ದಿನಕ್ಕೆ ಆಫರ್ ಲೆಟರ್ ಬಂತು. ವರ್ಕ್ ಪರ್ಮಿಟ್ ಸಿಕ್ಕರೆ ಹೆಂಡತಿಯೂ ಜೊತೆಗೆ ಹೋಗಬಹುದು, ಇರಲು ಬೇರೆ ಮನೆ ಕೊಡುತ್ತಾರೆ. ಅತ್ತೆ ಅವತ್ತೇ ಪೇಟೆಗೆ ಹೋಗಿ ಒಂದು ಹಿತ್ತಾಳೆ ಬೀಗ ತಂದಳು. "ಅಲ್ಲಿ ಬೀಗ ಸಿಗಲ್ವೇನೇ?" ಎಂದು ಅಮ್ಮ ಕೇಳಿದರೆ, "ಸಿಗುತ್ತೆ ಅತ್ತಿಗೆ, ಆದ್ರೆ ಅಲ್ಲಿವರೆಗೆ ಯಾರು ಕಾಯ್ತಾರೆ?" ಎಂದಳು.

ಪರ್ಮಿಟ್ಟಿಗೆ ಈಗಿನ ಮಾಲೀಕನಿಂದ ಅನುಭವ ಪತ್ರ ಬೇಕಿತ್ತು. ಅಪ್ಪ ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡು ಓಡಾಡಿದ. ಆಮೇಲೆ ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಟೈಪ್ ಮಾಡುವವನ ಹತ್ತಿರ ಹೋದ, ಮನಸ್ಸು ಬಿಚ್ಚಿ ಹೇಳಿ ಬರೆಸಿದ. ಪತ್ರ ನಮ್ಮ ಕೈಗೆ ಸಿಗುವ ಮೊದಲೇ ತಾನೇ ಲಕೋಟೆ ಅಂಟಿಸಿ ಕಳಿಸಿಯೂ ಬಿಟ್ಟ. "ಇಂಥ ಪತ್ರ ಯಾರೂ ಯಾರಿಗೂ ಕೊಟ್ಟಿರಲ್ಲ" ಎಂದು ಎದೆ ಉಬ್ಬಿಸಿಕೊಂಡು ಬಂದ.

ಅದಂತೂ ನಿಜವೇ. ಕೆಲವು ವಾರ ಕಳೆದ ಮೇಲೆ ಪರ್ಮಿಟ್ ಕಚೇರಿಯಿಂದ ಉತ್ತರ ಬಂತು. ಮಾವ ಫೋನನ್ನು ನನ್ನ ಕೈಗಿಟ್ಟರು, ನಾನು ಓದಿ ಹೇಳಿದೆ. 'ಪತ್ರದ ಪ್ರಕಾರ ಅರ್ಜಿದಾರರು ಅಂಗಡಿಯಲ್ಲಿ ಕೆಲಸಗಾರರಲ್ಲ, ಅವರೇ ಯಜಮಾನರು. ಮಾಲೀಕರು ಹೆಸರಿಗೆ ಮಾತ್ರ. ಹೀಗಿರುವಾಗ ನೌಕರಿಯ ಅನುಭವ ಇದೆಯೆಂದು ಒಪ್ಪಲಾಗದು. ಒಂದು ತಿಂಗಳೊಳಗೆ ಸರಿಯಾದ ಪತ್ರ ಬರದಿದ್ದರೆ ಅರ್ಜಿ ವಜಾ.'

ಅಪ್ಪ ಗಲ್ಲಾದ ಮುಂದೆ ಕುಸಿದು ಕೂತ.

"ಒಳ್ಳೇ ಮಾತು ಬರೆದ್ರೂ ತಪ್ಪಾ?"

"ಒಳ್ಳೇದೇ ಅಣ್ಣ, ಅತಿ ಒಳ್ಳೇದಾಯ್ತು" ಎಂದಳು ಅತ್ತೆ. "ಈಗ ಇದ್ದದ್ದನ್ನ ಇದ್ದ ಹಾಗೆ ಬರಿ. ಇವರು ನಿನ್ನ ಹತ್ರ ಸಂಬಳಕ್ಕಿದ್ದಾರೆ ಅಂತ."

"ತಂಗಿ ಗಂಡನ್ನ ಆಳು ಅಂತ ಬರೆಯೋದಾ? ನನ್ನ ಕೈಯಲ್ಲಾಗಲ್ಲ."

"ನಿನ್ನ ಮರ್ಯಾದೆ ನೋಡ್ಕೊಂಡು ಕೂತ್ರೆ ನಾನು ಈ ಬೀಗನ ಯಾವ ಬಾಗಿಲಿಗೆ ಹಾಕ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಮಾವ ಎಂದಿನಂತೆ ಮೂಲೆಯಲ್ಲಿ ಬಟ್ಟೆ ಬಿಗಿಯುತ್ತಿದ್ದರು, ಬಾಯಿ ತುಂಬಿತ್ತು. ಇವರೂ ಹೀಗೇ ಕೂತರೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರು ಸುತ್ತಿಗೆ ಕೆಳಗಿಟ್ಟರು. ಮೊಳೆಗಳನ್ನು ಒಂದೂ ಬಿಡದೆ ಅಂಗೈಗೆ ಉಗುಳಿ ತಟ್ಟೆಗೆ ಹಾಕಿದರು. ಗಲ್ಲಾದ ಮುಂದೆ ಬಂದು ನಿಂತರು.

"ಬರೀರಿ ಭಾವ. ನಾನು ನಿಮ್ಮ ಕೆಲಸದವನು, ನೀವು ಯಜಮಾನ್ರು. ಹಾಗಂತ ಬರೀರಿ."

ಅಪ್ಪ ತಲೆ ಎತ್ತಲಿಲ್ಲ. ಪೆನ್ನು ತೆಗೆದುಕೊಂಡು, ಮಾವ ಹೇಳಿದ್ದನ್ನು ಮಕ್ಕಳು ಶುದ್ಧ ಬರಹ ಬರೆಯುವಂತೆ ಬರೆದ. ಮುಗಿದ ಮೇಲೆ ಕೇಳಿದ, "ಇನ್ನೊಂದು ಸಾಲು ಸೇರಿಸ್ಲಾ? ಮನೆಯವರ ಥರ ಇದ್ರು ಅಂತ?"

"ದಮ್ಮಯ್ಯ, ಬೇಡ" ಎಂದರು ಮಾವ. ಅಪ್ಪನಿಗೂ ನಗು ಬಂತು. ಈ ಸಲ ಪತ್ರವನ್ನು ನಾನೇ ಟೈಪ್ ಮಾಡಿಸಿ ಕಳಿಸಿದೆ.

ಪರ್ಮಿಟ್ ಬಂತು. ಹೊರಡುವ ಮುಂಚಿನ ಶನಿವಾರ ಸಂಜೆ ಅಪ್ಪ ಲಕೋಟೆ ಹಿಡಿದು ಹೊಲಿಗೆ ಯಂತ್ರದ ಕಡೆ ನಡೆದ. ಮಾವ ಎದ್ದು ಅಡ್ಡ ಬಂದರು. ಅಂಗಿಗೆ ಅಂಟಿದ್ದ ಸೋಫಾದ ನಾರು ಕೊಡವಿಕೊಂಡು ಕೈ ಚಾಚಿದರು.

"ಇವತ್ತು ಕೈಗೇ ಕೊಡಿ ಭಾವ."

ಅಪ್ಪ ಡ್ರಾಯರಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಕೊನೆಗೆ ಕೊಟ್ಟ. ಮಾವ ಅದನ್ನು ಎದೆಯ ಜೇಬಿಗೆ ಹಾಕಿಕೊಂಡರು.

"ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಇದನ್ನ ಕದ್ದು ತಗೊಂಡ ಹಾಗಿರ್ತಿತ್ತು. ಇವತ್ತು ದುಡಿದು ತಗೊಂಡ ಹಾಗಾಯ್ತು."

ಅಪ್ಪ ಬಾಯಿ ತೆರೆದ. ಕಣ್ಣು ತುಂಬಿ ಬಂತು. ಮಾವನ ತಟ್ಟೆಗೆ ಕೈ ಹಾಕಿ ನಾಲ್ಕು ಮೊಳೆ ಎತ್ತಿ ಬಾಯಿಗೆ ಹಾಕಿಕೊಂಡ. ಅರ್ಧಕ್ಕೆ ನಿಂತಿದ್ದ ಕುರ್ಚಿಯ ಮುಂದೆ, ನಮಗೆ ಬೆನ್ನು ಮಾಡಿ, ಸುತ್ತಿಗೆ ಹಿಡಿದು ಕೂತ.