ಷಡಕ್ಷರಿ ಹಾಕಿದ ಡಯೋಡು

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಷಡಕ್ಷರಿ ತನ್ನ ಜಾಣತನವನ್ನೆಲ್ಲ ಒಂದು ತೆಂಗಿನ ಕರಟದಲ್ಲಿ ತುಂಬಿಟ್ಟುಕೊಂಡಿದ್ದ. ಹಳೆಯ ರೇಡಿಯೋ, ಟೇಪ್ ರೆಕಾರ್ಡರುಗಳಿಂದ ಕಿತ್ತ ಸಣ್ಣ ಗಾಜಿನ ಡಯೋಡುಗಳೆಲ್ಲ ಆ ಕರಟಕ್ಕೆ. ಅಕ್ಕಿಕಾಳಿನಷ್ಟು ಮೈ, ಎರಡು ತಂತಿ ಕಾಲು, ಮೈಮೇಲೊಂದು ಗೆರೆ. ಯಾರ ರೇಡಿಯೋ ಬಂದರೂ ಕರಟಕ್ಕೆ ಕೈ ಹಾಕಿ ಬೆರಳಿಗೆ ಸಿಕ್ಕಿದ್ದನ್ನು ಬೆಸುಗೆ ಹಾಕುತ್ತಿದ್ದ. ಅದು ಯಾವ ನಂಬರಿನದು ಎಂದು ಕೇಳಿದರೆ ಮುಗಿಯಿತು.

"ಎರಡು ಕಾಲೈತೆ, ಒಂದು ಗೆರೆ ಐತೆ. ಇನ್ನೇನ್ಲಾ ಬೇಕು ಅದ್ಕೆ, ಜಾತಕ ನೋಡ್ಬೇಕಾ?"

ಓದಿದವರೆಂದರೆ ಅವನಿಗೆ ತಾತ್ಸಾರ. ನಾನು ಬೇಲೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲ್ಯಾಬ್ ಅಟೆಂಡರ್ ಆದ ಮೇಲಂತೂ ಕಂಡಾಗಲೆಲ್ಲ, "ಏನು ಸೈಂಟಿಸ್ಟೂ, ಲೋಟ ತೊಳ್ದಾಯ್ತಾ?" ಎನ್ನುತ್ತಿದ್ದ. ಅಲ್ಪವಿದ್ಯಾ ಮಹಾಗರ್ವಿ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ರೇಡಿಯೋ ಕೆಟ್ಟರೆ ಮಾತ್ರ ನಾಚಿಕೆಯಿಲ್ಲದೆ ಅವನ ಅಂಗಡಿಗೇ ಹೋಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಅಮ್ಮನ ರೇಡಿಯೋ ಕೆಟ್ಟಿತು. ಅಮ್ಮ ಧಾರವಾಡದ ಕಡೆಯವಳು. ಮದುವೆಯಾಗಿ ಅರಸೀಕೆರೆಗೆ ಬಂದು ನಲವತ್ತು ವರ್ಷವಾಗಿದ್ದರೂ, ಸಂಜೆ ಧಾರವಾಡದ ಸ್ಟೇಷನ್ ಹಾಕಿ ತನ್ನ ಕಡೆಯ ಮಾತು ಕೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಷಡಕ್ಷರಿ ಒಂದು ಡಯೋಡು ಬದಲಾಯಿಸಿ ಕೊಟ್ಟ. ಹತ್ತಿರದ ಸ್ಟೇಷನ್ನು ಬೀದಿಗೆಲ್ಲ ಕೇಳುವಂತೆ ಬಂತು. ಅಮ್ಮ ಮಾತ್ರ, "ಧಾರವಾಡ ಕೇಳಸವಲ್ದು" ಎಂದಳು.

ಮತ್ತೆ ಒಯ್ದೆ. ಷಡಕ್ಷರಿ ಅದೇ ಹತ್ತಿರದ ಸ್ಟೇಷನ್ನನ್ನು ಜೋರಾಗಿ ಹಾಕಿದ.

"ಊರಿಗೇ ಕೇಳ್ತೈತೆ, ನಿಮ್ಮಮ್ಮಂಗೆ ಕೇಳಲ್ವಾ? ರೇಡಿಯೋ ಅಲ್ಲ ಕಣೋ, ಕಿವಿ ತೋರ್ಸು ಡಾಕ್ಟ್ರಿಗೆ."

ದಡ್ಡ ನಾನು, ನಂಬಿದೆ. ಮನೆಯವರೆಲ್ಲ ಅಮ್ಮನ ಹತ್ತಿರ ಕಿರುಚಿ ಮಾತಾಡತೊಡಗಿದೆವು. "ನನ್ನ ಕಿವಿ ಚಲೋ ಅದಾವೋ" ಎಂದು ಸ್ವಲ್ಪ ದಿನ ಜಗಳವಾಡಿದಳು. ಆಮೇಲೆ, ಇಷ್ಟು ಜನ ಹೇಳುವುದು ನಿಜವೇ ಇರಬೇಕೆಂದು ಸುಮ್ಮನಾದಳು. ರೇಡಿಯೋಗೆ ಬಟ್ಟೆ ಹೊದಿಸಿಟ್ಟಳು.

ಒಂದು ವರ್ಷ ಕಳೆಯಿತು. ಒಂದು ದಿನ ಲ್ಯಾಬಿನಲ್ಲಿ ಡಯೋಡಿನ ಪ್ರಯೋಗಕ್ಕೆ ಮೇಜು ಜೋಡಿಸುತ್ತಿದ್ದೆ. ಜರ್ಮೇನಿಯಂ ಡಯೋಡು ತೀರಾ ಕಡಿಮೆ ವೋಲ್ಟೇಜಿಗೇ ಕರೆಂಟಿಗೆ ದಾರಿ ಬಿಡುತ್ತದೆ, ಸಿಲಿಕಾನಿನದು ಅದರ ಮೂರರಷ್ಟು ಕೊಟ್ಟರೇ ಬಿಡುವುದು. ವರ್ಷ ವರ್ಷವೂ ಜೋಡಿಸುತ್ತಿದ್ದ ಮೇಜು ಅದು. ನನ್ನ ಮಂದ ತಲೆಗೆ ಅಮ್ಮನ ರೇಡಿಯೋ ಹೊಳೆದದ್ದು ಅಂದು. ಹತ್ತಿರದ ಸ್ಟೇಷನ್ನು ಸಿಲಿಕಾನನ್ನು ನೂಕಿಕೊಂಡು ಬಂದೀತು, ದೂರದ ಬಡಕಲು ದನಿ ಹೇಗೆ ಬರಬೇಕು? ಭಾನುವಾರ ಊರಿಗೆ ಹೋಗಿ ರೇಡಿಯೋ ಬಿಚ್ಚಿ ಮೀಟರು ಹಿಡಿದೆ. ಜರ್ಮೇನಿಯಂ ಇರಬೇಕಾದ ಕಡೆ ಸಿಲಿಕಾನು ಕೂತಿತ್ತು.

"ಷಡಕ್ಷರಣ್ಣ, ನಿಮ್ಮ ಕರಟದಿಂದ ನಮ್ಮಮ್ಮ ಒಂದು ವರ್ಷ ಕಿವುಡಿ ಆದ್ಳು" ಎಂದು ಅಂಗಡಿಯಲ್ಲಿ ನಿಂತು ರೇಗಿದೆ. ವಿವರಿಸಿದೆ ಕೂಡ. ಅವನು ಬೈಯಲಿಲ್ಲ. ಕರಟವನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಡಯೋಡಿಗೆ ಮೀಟರು ಮುಟ್ಟಿಸುತ್ತಾ ಕೂತ. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜರ್ಮೇನಿಯಂನದೊಂದು ಸಿಕ್ಕಿತು. ತಪ್ಪಾಯಿತು ಎನ್ನುವ ಮಾತು ಆ ಬಾಯಿಗೆ ಗೊತ್ತಿರಲಿಲ್ಲ. ಬೆಸುಗೆ ಹಾಕಿ, ಅಂಗಡಿಯ ಬಾಗಿಲೆಳೆದು, ರೇಡಿಯೋವನ್ನು ತಾನೇ ಹೊತ್ತು ನಮ್ಮ ಮನೆಗೆ ನಡೆದ. ಅಷ್ಟು ವರ್ಷದಲ್ಲಿ ಅಂದೊಂದು ದಿನ ಅವನು ನನಗೆ ಇಷ್ಟವಾದ. ಮುಂದಿನ ತಿಂಗಳು ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ನಾನು ಅವನನ್ನು ಕಂಡದ್ದು ಆ ಸಂಜೆಯೇ ಕೊನೆ.

ಆ ಸಂಜೆ ನಮ್ಮ ಮನೆಯಲ್ಲಿ ಮುಳ್ಳು ತಿರುಗಿಸಿ ತಿರುಗಿಸಿ ಧಾರವಾಡ ಹಿಡಿದ. ಯಾರೋ ಹೆಂಗಸರು ಬೀಸುವ ಪದ ಹಾಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಬಂದು ನೆಲದ ಮೇಲೆ ಕೂತಳು. ಷಡಕ್ಷರಿ ಅವಳ ಕಿವಿಯ ಹತ್ತಿರ ಬಾಗಿ, "ಕೇಳ್ತೈತಾ ಅಮ್ಮಾ?" ಎಂದು ಗಂಟಲು ಹರಿಯುವಂತೆ ಕೂಗಿದ.

ಅಮ್ಮ ಅವನ ಕಡೆ ತಿರುಗಲೂ ಇಲ್ಲ.

"ಹಿಂಗ್ಯಾಕ ಒದರತೀಯೋ ತಮ್ಮಾ? ನಾ ಕಿವುಡಿ ಅಲ್ಲ."