ಜುಬೇದಾಬಿಯವರ ಬೆಕ್ಕಿನ ಸಕ್ಕರೆ ಕಾಯಿಲೆ

1984ರಲ್ಲಿ ನಾನು ಯಲಹಂಕದಲ್ಲಿ ಪಶುವೈದ್ಯನಾಗಿದ್ದೆ. ಕೋಗಿಲು ಕಡೆಯ ಹಸು, ಎಮ್ಮೆಗಳೇ ನನ್ನ ರೋಗಿಗಳು. ಬೆಕ್ಕನ್ನು ತೋರಿಸಲು ಬರುವವರು ತೀರಾ ಅಪರೂಪ. ಹಾಗಾಗಿ ಒಂದು ಬೆಳಿಗ್ಗೆ ಜುಬೇದಾಬಿ ಎಂಬ ಹೆಂಗಸು ತರಕಾರಿ ಬುಟ್ಟಿಯಲ್ಲಿ ತಮ್ಮ ಬೆಕ್ಕು ಮೋತಿಯನ್ನು ತಂದಾಗ, ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನೀರಿನ ಬೋಗುಣಿ ಬಿಟ್ಟು ಕದಲಲ್ಲ ಡಾಕ್ಟ್ರೇ. ಚೆನ್ನಾಗಿ ತಿಂತದೆ, ಆದ್ರೂ ಒಣಗ್ತಾ ಐತೆ" ಎಂದರು.

ಮೋತಿ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುತ್ತಿತ್ತು; ಸಕ್ಕರೆ ಕಾಯಿಲೆಯಿಂದ ನರ ಸೋತ ಬೆಕ್ಕಿನ ನಡಿಗೆ ಅದು. ಅದರ ಮೂತ್ರವನ್ನು ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಬೆರೆಸಿ ಕಾಯಿಸಿದೆ. ಸಕ್ಕರೆ ಹೆಚ್ಚಿದ್ದರೆ ಬಣ್ಣ ಕೆಂಪಾಗುತ್ತದೆ. ಅದು ಇಟ್ಟಿಗೆಯ ಕೆಂಪಿಗೆ ತಿರುಗಿತು.

"ನಮ್ಮ ಯಜಮಾನ್ರದ್ದೂ ಹಿಂಗೇ ಬರ್ತದೆ" ಎಂದರು ಜುಬೇದಾಬಿ.

ಗಂಡ ಖಾದರ್ ಸಾಬರು ರೈಲ್ವೆಯಿಂದ ನಿವೃತ್ತರಾದವರು. ಸೂಜಿ ಒಮ್ಮೆ ಶುರುವಾದರೆ ಸಾಯುವವರೆಗೂ ಬಿಡದು ಎಂದು ಇನ್ಸುಲಿನ್ ಬೇಡವೆನ್ನುತ್ತಿದ್ದರು. ಕಾಲಿನ ಹುಣ್ಣು ಮಾಯುತ್ತಿರಲಿಲ್ಲ.

ಬೆಕ್ಕುಗಳಿಗೆಂದೇ ತಯಾರಾದ ಔಷಧಿ ಆಗ ನಮಗೆ ಸಿಗುತ್ತಿರಲಿಲ್ಲ. ಮನುಷ್ಯರ ಇನ್ಸುಲಿನ್ನನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಕೊಡಬೇಕಿತ್ತು. ಗಾಜಿನ ಸಿರಿಂಜನ್ನು ಕುದಿಸುವುದು, ಕತ್ತಿನ ಸಡಿಲ ಚರ್ಮವನ್ನೆತ್ತಿ ಚುಚ್ಚುವುದು, ಎಲ್ಲವನ್ನೂ ಜುಬೇದಾಬಿಗೆ ಕಲಿಸಿದೆ. "ಊಟ ಮಾಡದಿದ್ರೆ ಚುಚ್ಚಬೇಡಿ. ಸಕ್ಕರೆ ತೀರಾ ಇಳಿದು ತೂರಾಡಿದ್ರೆ ಒಸಡಿಗೆ ಬೆಲ್ಲದ ನೀರು ಸವರಿ, ತಕ್ಷಣ ಕರ್ಕೊಂಬನ್ನಿ" ಎಂದೆ. ಮೊದಲ ದಿನ ನನ್ನೆದುರೇ ಚುಚ್ಚಿದರು. ಆಮೇಲೆ ಮನೆಯಲ್ಲಿ ದಿನವೂ ಅವರೇ ಕೊಟ್ಟರು.

ಕೆಲವು ವಾರಗಳ ನಂತರ ಮೋತಿಯನ್ನು ನೋಡಲು ಅವರ ಮನೆಗೆ ಹೋದೆ. ಅದು ಮತ್ತೆ ಕಿಟಕಿ ಹತ್ತುವಷ್ಟು ಚೇತರಿಸಿಕೊಂಡಿತ್ತು. ನಾನಿದ್ದಾಗಲೇ ಜುಬೇದಾಬಿ ಇಂಜೆಕ್ಷನ್ ಕೊಟ್ಟರು. ಕಾಲಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕುಳಿತಿದ್ದ ಖಾದರ್ ಸಾಬರು ಕೇಳಿದರು:

"ಅದಕ್ಕೆ ನೋಯಲ್ವಾ ಡಾಕ್ಟ್ರೇ?"

"ನೀವೇ ನೋಡಿದ್ರಲ್ಲ, ತಿರುಗಿ ಕೂಡ ನೋಡ್ಲಿಲ್ಲ."

ಅವರು ಬೆಕ್ಕನ್ನು ಹತ್ತಿರಕ್ಕೆಳೆದುಕೊಂಡು ಅದರ ಕತ್ತು ಸವರಿದರು. "ಹಂಗಾದ್ರೆ ನಾನೂ ಇವಳ ಕೈಲೇ ಹಾಕಿಸ್ಕೊಳ್ತೀನಿ" ಎಂದರು. ಜುಬೇದಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಮನಸ್ಸು ತಡವಾಗಿ ಬಂತು. ಇನ್ಸುಲಿನ್ ಶುರುವಾಯಿತು, ಆದರೆ ಪಾದ ಆಗಲೇ ಕಪ್ಪಾಗತೊಡಗಿತ್ತು. ಆಸ್ಪತ್ರೆಯಲ್ಲಿ ಕಾಲು ತೆಗೆದರು. ನಂಜು ಮೈಗೇರಿ ಖಾದರ್ ಸಾಬರು ಅಲ್ಲೇ ತೀರಿಕೊಂಡರು. ಜುಬೇದಾಬಿ ಅಷ್ಟು ದಿನವೂ ಅವರ ಹಾಸಿಗೆಯ ಪಕ್ಕದಲ್ಲೇ ಇದ್ದರು. ಪಕ್ಕದ ಮನೆಯವರು ಮೋತಿಗೆ ಹಾಲು, ಮೀನು ಹಾಕಿದರು. ಇಂಜೆಕ್ಷನ್ ಕೊಡುವುದು ಅವರಿಗೆ ಗೊತ್ತಿರಲಿಲ್ಲ.

ವಿಧವೆ ಮನೆಯಲ್ಲೇ ಇರಬೇಕಾದ ಇದ್ದತ್ತಿನ ದಿನಗಳು ಅವು. ಜುಬೇದಾಬಿ ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಮೋತಿ ನೆಲಹಿಡಿದಿತ್ತು; ಪಕ್ಕದ ಮನೆಯವರೇ ಬಂದು ನನ್ನನ್ನು ಕರೆದೊಯ್ದರು. ಮೋತಿ ಗೋಣಿಯ ಮೇಲೆ ಮಲಗಿತ್ತು. ಅದರ ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಸಕ್ಕರೆ ಮಿತಿಮೀರಿ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ನ ಲಕ್ಷಣ ಅದು. ಸಲೈನ್ ಕೊಟ್ಟೆ, ಇನ್ಸುಲಿನ್ ಕೊಟ್ಟೆ.

ಬಾಗಿಲ ಪರದೆಯ ಹಿಂದಿನಿಂದ ಜುಬೇದಾಬಿ ಮೆಲ್ಲಗೆ ಹೇಳಿದರು: "ಇದನ್ನ ಬಿಟ್ಟು ಅಲ್ಲಿ ಕೂತೆ ಡಾಕ್ಟ್ರೇ. ಅಲ್ಲಿ ಕೂತೂ ಏನೂ ಉಳೀಲಿಲ್ಲ."

ಮರುದಿನ ಮಧ್ಯಾಹ್ನ ಮೋತಿ ಸತ್ತಿತು.

ದೀರ್ಘ ಕಾಯಿಲೆಯ ಚಿಕಿತ್ಸೆ ಔಷಧಿಗಿಂತ ಹೆಚ್ಚಾಗಿ, ಅದನ್ನು ಕೊಡುವ ಕೈಯನ್ನು ನಂಬಿರುತ್ತದೆ ಎಂದು ನಾನು ಕಲಿತದ್ದು ಆ ಮನೆಯಲ್ಲಿ. ಅಂದಿನಿಂದ ಅಂಥ ಪ್ರಾಣಿ ಬಂದರೆ, "ಮನೇಲಿ ಇನ್ಯಾರಿದ್ದಾರೆ?" ಎಂದು ಮೊದಲು ಕೇಳುತ್ತಿದ್ದೆ. ಇನ್ನೊಬ್ಬರಿಗೂ ಸೂಜಿ ಹಿಡಿಯುವುದನ್ನು ಕಲಿಸುತ್ತಿದ್ದೆ. ಯಾರೂ ಇಲ್ಲ ಎಂದವರ ಮನೆಗೆ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ನಾನೇ ಹೋಗಿಬರುತ್ತಿದ್ದೆ.